ಗಿಲ್‌ಫರ್ಡ್ ಪ್ರೆಸ್ ಪುಸ್ತಕಗಳು: ಕ್ಲಿನಿಕ್ಕಿನ ಮೇಜಿನ ಮೇಲೆ ಇಟ್ಟು ಬಳಸುವವರಿಗಾಗಿ ಒಂದು ವಿಮರ್ಶೆ

ನ್ಯೂಯಾರ್ಕಿನ ಗಿಲ್‌ಫರ್ಡ್ ಪ್ರೆಸ್ ಶುರುವಾದದ್ದು 1973ರಲ್ಲಿ, ಬಾಬ್ ಮ್ಯಾಟ್ಲಾಫ್ ಮತ್ತು ಸೀಮೋರ್ ವೈನ್‌ಗಾರ್ಟನ್ ಇಬ್ಬರ ಕೈಯಲ್ಲಿ. ದೊಡ್ಡ ಪ್ರಕಾಶನ ಸಮೂಹಗಳ ಆಸರೆಯಿಲ್ಲದೆ ಬೆಳೆದ, ಮನೋವಿಜ್ಞಾನ ಮತ್ತು ಮಾನಸಿಕ ಚಿಕಿತ್ಸೆಯ ಪುಸ್ತಕಗಳ ಸಂಸ್ಥೆ. ಆರನ್ ಬೆಕ್ ಮತ್ತು ಸಂಗಡಿಗರು ಬರೆದ, ಖಿನ್ನತೆಗೆ ಕಾಗ್ನಿಟಿವ್ ಥೆರಪಿ (ಯೋಚನೆಯ ಧಾಟಿಯನ್ನು ಪರೀಕ್ಷಿಸಿ ತಿದ್ದುವ ಚಿಕಿತ್ಸೆ) ಮಾಡುವ ಕೈಪಿಡಿ 1979ರಲ್ಲಿ ಬಂದದ್ದು ಇಲ್ಲಿಂದಲೇ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಅವರ, ಬದಲಾಗುವ ಮನಸ್ಸನ್ನು ಕ್ಲೈಂಟಿನಿಂದಲೇ ಹೊರತರುವ ಮಾತುಕತೆಯ ವಿಧಾನವಾದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಪುಸ್ತಕ 1991ರಲ್ಲಿ, ಮಾರ್ಷಾ ಲಿನೆಹಾನ್ ಅವರ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ತೀವ್ರ ಭಾವನೆಗಳನ್ನು ನಿಭಾಯಿಸುವ ಕೌಶಲ ಕಲಿಸುವ ಚಿಕಿತ್ಸೆ) ಪುಸ್ತಕಗಳು 1993ರಲ್ಲಿ ಬಂದವು. ಬೆಂಗಳೂರಿನ ನಿಮ್ಹಾನ್ಸಿನಲ್ಲೋ ಧಾರವಾಡದ ಡಿಮ್ಹಾನ್ಸಿನಲ್ಲೋ ತರಬೇತಿ ಪಡೆದವರಿಗೆ ಈ ಹೆಸರುಗಳನ್ನು ಪರಿಚಯಿಸಬೇಕಾಗಿಲ್ಲ.

ಮೊದಲೇ ಹೇಳಿಬಿಡುತ್ತೇವೆ: ಒಮ್ಮೆ ಓದಿ ಕಪಾಟಿಗೆ ಸೇರಿಸುವವರಿಗೆ ಇವು ದುಬಾರಿ. ಪೆನ್ನು, ಪೆನ್ಸಿಲ್, ಜೆರಾಕ್ಸ್ ಮೆಷಿನ್ ಪಕ್ಕದಲ್ಲಿಟ್ಟುಕೊಂಡು ದುಡಿಸಿಕೊಳ್ಳುವವರಿಗೆ ಇಷ್ಟು ಅಗ್ಗದ ಸಲಕರಣೆ ಇನ್ನೊಂದಿಲ್ಲ. ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಹಿಂಬದಿಯ ವರ್ಕ್‌ಶೀಟುಗಳಿಗೂ ಅವನ್ನು ನಕಲು ಮಾಡುವ ಅನುಮತಿಗೂ. ಆ ಅನುಮತಿಯನ್ನು ಸರಿಯಾಗಿ ಓದಿಕೊಂಡವರು ಮಾತ್ರ ತೀರಾ ಕಡಿಮೆ.

ಕಾಪಿರೈಟ್ ಪುಟದಲ್ಲಿ, ಸಾಮಾನ್ಯವಾಗಿ ಯಾರೂ ನೋಡದ ಜಾಗದಲ್ಲಿ, ಸೀಮಿತ ನಕಲು ಪರವಾನಗಿ ಎಂಬ ಪ್ಯಾರಾ ಇರುತ್ತದೆ. ಪದಗಳು ಪುಸ್ತಕದಿಂದ ಪುಸ್ತಕಕ್ಕೆ ತುಸು ಬದಲಾದರೂ ತಿರುಳು ಒಂದೇ. ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಅನುಮತಿ ಕೊಟ್ಟಿರುವ ಹಾಳೆಗಳನ್ನು ಮಾತ್ರ ನಕಲು ಮಾಡಬಹುದು. ಅದೂ ಪುಸ್ತಕ ಕೊಂಡ ವ್ಯಕ್ತಿ, ತನ್ನ ಸ್ವಂತಕ್ಕೆ ಅಥವಾ ತಾನು ನೋಡುವ ಕ್ಲೈಂಟುಗಳಿಗೆ. ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಕಾರ್ಯಾಗಾರದ ಹ್ಯಾಂಡೌಟು, ಸ್ಲೈಡು, ವೆಬಿನಾರು, ಬ್ಲಾಗು, ಫೈಲ್ ಹಂಚುವ ತಾಣ, ಸಂಸ್ಥೆಯ ಇಂಟ್ರಾನೆಟ್ ಇವೆಲ್ಲ ಹೊರಗೆ, ಒಂದು ಪೈಸೆ ಶುಲ್ಕ ತೆಗೆದುಕೊಳ್ಳದಿದ್ದರೂ.

ಇದರ ಅರ್ಥವೇನು? ವಿಭಾಗದ ಲೈಬ್ರರಿಗೆ ಒಂದು ಪ್ರತಿ ತರಿಸಿ ಐದು ಜನ ಥೆರಪಿಸ್ಟುಗಳು ಅದರಿಂದ ಹಾಳೆ ತೆಗೆದು ಹಂಚಿದರೆ ಅದು ಪರವಾನಗಿಯ ಒಳಗೆ ಬರುವುದಿಲ್ಲ. ವಾಟ್ಸಾಪ್ ಗುಂಪಿಗೆ ಪಿಡಿಎಫ್ ಹಾಕುವುದಂತೂ ಖಂಡಿತ ಬರುವುದಿಲ್ಲ. ಆಶಾ ಕಾರ್ಯಕರ್ತೆಯರ ತರಬೇತಿಗೆ ನೂರು ಪ್ರತಿ ಬೇಕೆಂದರೆ ಬೇರೆ ಅನುಮತಿ ಕೇಳಬೇಕು. ತರಗತಿಯ ಪಾಠಕ್ಕೆ ನಕಲು ಮಾಡುವುದು ಬೇರೆ ವಿಷಯ. ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಕೊಟ್ಟ ತೀರ್ಪು ಬೋಧನೆಗೆ ಸಾಕಷ್ಟು ಅವಕಾಶ ಕೊಟ್ಟಿದೆ. ಆದರೆ ಕ್ಲಿನಿಕ್ಕು ತರಗತಿಯಲ್ಲ.

ಇನ್ನು ಕಾಗದದ ಅಳತೆ. ಸಣ್ಣ ವಿಷಯ, ಆದರೆ ದಿನಾ ಕಾಡುತ್ತದೆ. ಅಮೆರಿಕದ ಲೆಟರ್ ಹಾಳೆ 216 x 279 ಮಿಲಿಮೀಟರ್, ನಮ್ಮ ಎ4 ಹಾಳೆ 210 x 297. ಅಂದರೆ ಅವರದ್ದು ಅಗಲ ಜಾಸ್ತಿ, ಉದ್ದ ಕಮ್ಮಿ. ಲೆಟರ್ ಅಳತೆಯ ಪಿಡಿಎಫ್ ಅನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ಕೊಟ್ಟರೆ ಎರಡೂ ಬದಿಯಿಂದ ಮೂರು ಮೂರು ಮಿಲಿಮೀಟರ್ ಹೋಗುತ್ತದೆ. ಅದರ ಮೇಲೆ ಪ್ರಿಂಟರ್ ತಾನೇ ಬಿಡುವ ಅಂಚು ಬೇರೆ. ಎಡ ಅಂಚಿಗೆ ಟಿಕ್ ಹಾಕುವ ಚೌಕಗಳಿರುವ ಹಾಳೆಯಾದರೆ ಆ ಚೌಕಗಳೇ ಅರ್ಧ ಮಾಯ. ಪ್ರಿಂಟ್ ಮಾಡುವಾಗ ‘ಆ್ಯಕ್ಚುಯಲ್ ಸೈಜ್’ ಬಿಟ್ಟು ‘ಫಿಟ್’ ಆರಿಸಿ. ಜೆರಾಕ್ಸ್ ಅಂಗಡಿಯಲ್ಲಾದರೆ ಶೇ 97ಕ್ಕೆ ಇಳಿಸಲು ಹೇಳಿ, ಅಂಚು ಇನ್ನೂ ಕತ್ತರಿಸಿದರೆ 95. ಬೆನ್ನಿಗೆ ಗೋಂದು ಹಚ್ಚಿದ ದಪ್ಪ ಪೇಪರ್‌ಬ್ಯಾಕನ್ನು ಗಾಜಿನ ಮೇಲೆ ಒತ್ತಿ ನಕಲು ತೆಗೆದರೆ ಮಧ್ಯದಲ್ಲಿ ಕಪ್ಪು ನೆರಳು ಬೀಳುತ್ತದೆ, ಕ್ರಮೇಣ ಹಾಳೆಗಳೂ ಕಳಚುತ್ತವೆ. ಈಚಿನ ಆವೃತ್ತಿಗಳಲ್ಲಿ ಹಲವಕ್ಕೆ ಹಾಳೆಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ಸೌಲಭ್ಯವಿದೆ. ಅದಿರುವಾಗ ಪುಸ್ತಕವನ್ನು ಹಿಂಸಿಸಬೇಡಿ.

ಕ್ಲೈಂಟಿನ ಕೈಗೇ ಕೊಡಬಹುದಾದ ಪುಸ್ತಕ ಒಂದನ್ನೇ ಹೇಳಿ ಎಂದರೆ, ಡೆನಿಸ್ ಗ್ರೀನ್‌ಬರ್ಗರ್ ಮತ್ತು ಕ್ರಿಸ್ಟೀನ್ ಪಡೆಸ್ಕಿ ಅವರ ‘ಮೈಂಡ್ ಓವರ್ ಮೂಡ್’. ಮೊದಲ ಆವೃತ್ತಿ 1995ರದ್ದು, ಎರಡನೆಯದು 2016ರದ್ದು. ಇದರ ಜೀವ ಇರುವುದು ಏಳು ಅಂಕಣಗಳ ಥಾಟ್ ರೆಕಾರ್ಡಿನಲ್ಲಿ, ಅಂದರೆ ಯೋಚನೆ ಬರೆದಿಡುವ ಹಾಳೆಯಲ್ಲಿ: ಸನ್ನಿವೇಶ, ಮೂಡು ಮತ್ತು ಅದರ ತೀವ್ರತೆ, ತಾನಾಗಿ ಬಂದ ಯೋಚನೆ, ಆ ಯೋಚನೆಯ ಪರವಾದ ಪುರಾವೆ, ವಿರುದ್ಧವಾದ ಪುರಾವೆ, ಸಮತೋಲನದ ಯೋಚನೆ, ಕೊನೆಗೆ ಮೂಡಿನ ಮರುಅಳತೆ. ತೀವ್ರತೆಯನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಬರೆಯಬೇಕು.

ಎಡವುವುದು ಹೆಚ್ಚಾಗಿ ಮೂರನೆಯ ಅಂಕಣದಲ್ಲಿ. ಯೋಚನೆ ಬರೆಯಿರಿ ಎಂದರೆ ‘ತುಂಬಾ ಬೇಜಾರಾಯ್ತು’ ಎಂದು ಬರೆಯುತ್ತಾರೆ; ಅದು ಎರಡನೆಯ ಅಂಕಣದ ಮಾಲು. ಇಲ್ಲವೇ ‘ನನಗೇ ಯಾಕೆ ಹೀಗಾಗುತ್ತೆ?’ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆಗೆ ಪುರಾವೆ ಹುಡುಕಲಾಗುವುದಿಲ್ಲ. ಅದರ ಒಳಗಿರುವ ಹೇಳಿಕೆಯನ್ನು ಹೊರಗೆಳೆಯಬೇಕು: ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’. ಈಗ ಅದಕ್ಕೆ ಪರ-ವಿರೋಧ ಹುಡುಕಬಹುದು. ನಾಲ್ಕನೆಯ ಅಂಕಣದಲ್ಲಿ ‘ಅತ್ತೆಗೆ ನನ್ನ ಕಂಡರಾಗುವುದಿಲ್ಲ’ ಎಂದು ಬರೆದರೆ ಅದು ಪುರಾವೆಯಲ್ಲ, ಅದೂ ಒಂದು ಅನಿಸಿಕೆ. ‘ಸೋಮವಾರ ಅತ್ತೆ ನನ್ನ ಜೊತೆ ಮಾತಾಡಲಿಲ್ಲ’ ಎಂಬುದು ಪುರಾವೆ. ಕೊನೆಯ ಅಂಕಣದಲ್ಲಿ ಮೂಡಿನ ಅಂಕಿ ಕದಲದಿದ್ದರೆ ಪುಸ್ತಕವನ್ನು ದೂರುವ ಮೊದಲು ಎರಡು ನೋಡಿ: ಮೂಡನ್ನು ನಿಜವಾಗಿ ಕೆದಕಿದ ಯೋಚನೆಯನ್ನೇ ಆರಿಸಿಕೊಂಡಿದ್ದೀರಾ? ಸನ್ನಿವೇಶ ಅರ್ಧ ಗಂಟೆಯದ್ದೋ ಇಡೀ ವಾರದ್ದೋ? ‘ಈ ವಾರ ಮನೆಯಲ್ಲಿ’ ಎಂದು ಶುರುವಾದ ಹಾಳೆ ಎಲ್ಲಿಗೂ ಮುಟ್ಟುವುದಿಲ್ಲ.

ಮೊದಲ ವಾರವೇ ಏಳೂ ಅಂಕಣ ತುಂಬಿಸಲು ಕೊಟ್ಟು ಕ್ಲೈಂಟನ್ನು ಓಡಿಸುವ ಥೆರಪಿಸ್ಟುಗಳಿದ್ದಾರೆ. ಪುಸ್ತಕವೇ ಅಂಕಣಗಳನ್ನು ಬಿಡಿಬಿಡಿಯಾಗಿ, ಅಧ್ಯಾಯದಿಂದ ಅಧ್ಯಾಯಕ್ಕೆ ಕಲಿಸುತ್ತದೆ. ಅದೇ ಕ್ರಮ ಹಿಡಿಯಿರಿ, ಮೊದಲು ಮೂರು ಅಂಕಣ ಸಾಕು. ಕೂಡು ಕುಟುಂಬದಲ್ಲಿ ಇಂಥ ಹಾಳೆಯನ್ನು ಎಲ್ಲಿಡುವುದು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಮನೆಯವರ ಹೆಸರಿನ ಬದಲು ಅಕ್ಷರಗಳನ್ನಷ್ಟೇ ಬರೆಯುವುದು, ತುಂಬಿದ ಹಾಳೆಯನ್ನು ಕ್ಲಿನಿಕ್ಕಿನ ಫೈಲಿನಲ್ಲೇ ಇಡುವುದು, ಇಷ್ಟನ್ನು ನಾವೇ ಏರ್ಪಾಡು ಮಾಡಬೇಕು.

ಇದೇ ಪುಸ್ತಕದಲ್ಲಿ 19 ಅಂಶಗಳ ಖಿನ್ನತೆಯ ಪಟ್ಟಿ, 24 ಅಂಶಗಳ ಆತಂಕದ ಪಟ್ಟಿ ಇವೆ, ಪ್ರತಿ ಅಂಶಕ್ಕೂ 0ಯಿಂದ 3. ಇವು ರೋಗ ಪತ್ತೆಗಲ್ಲ, ವಾರದಿಂದ ವಾರಕ್ಕೆ ಏರಿಳಿತ ನೋಡಲು. ಖಿನ್ನತೆಯ ಪಟ್ಟಿಯಲ್ಲಿ ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳುವ ಅಂಶಕ್ಕೆ ಸೊನ್ನೆಯಲ್ಲದೆ ಬೇರೇನು ಬಂದರೂ ಒಟ್ಟು ಅಂಕ ಕೂಡುತ್ತಾ ಕೂರಬೇಡಿ, ಅದನ್ನು ಮೊದಲು ಮಾತಾಡಿ. ಒಬ್ಬರೇ ಕೂತು ಪುಸ್ತಕದ ಅಭ್ಯಾಸ ಮಾಡುತ್ತಿರುವವರಾದರೆ ಅಲ್ಲಿಗೇ ನಿಲ್ಲಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು.

ಡಿಬಿಟಿ ಕೊಳ್ಳುವಾಗ ಗೊಂದಲ ಸಹಜ, ಏಕೆಂದರೆ 2015ರ ಎರಡನೆಯ ಆವೃತ್ತಿ ಎರಡು ಸಂಪುಟಗಳಲ್ಲಿದೆ. ಒಂದು ಥೆರಪಿಸ್ಟಿನ ಮ್ಯಾನ್ಯುಯಲ್. ಇನ್ನೊಂದು ಕ್ಲೈಂಟಿಗೆಂದು ಸ್ಪೈರಲ್ ಹಾಕಿದ, 225ಕ್ಕೂ ಹೆಚ್ಚು ಹ್ಯಾಂಡೌಟು-ವರ್ಕ್‌ಶೀಟುಗಳ ಸಂಪುಟ. ಮ್ಯಾನ್ಯುಯಲ್ ಕೊಂಡವರಿಗೆ ಆ ಹಾಳೆಗಳೆಲ್ಲ ಡೌನ್‌ಲೋಡಿಗೆ ಸಿಗುತ್ತವೆ. ಆದ್ದರಿಂದ ಒಂಟಿಯಾಗಿ ಪ್ರಾಕ್ಟೀಸ್ ಮಾಡುವವರು ಮ್ಯಾನ್ಯುಯಲ್ ಒಂದನ್ನೇ ಕೊಂಡರೆ ಸಾಕು. ಬೆಲೆ ಕಮ್ಮಿಯೆಂದು ಸ್ಪೈರಲ್ ಸಂಪುಟವನ್ನಷ್ಟೇ ತರಿಸಿಕೊಂಡು ‘ಡಿಬಿಟಿ ಮಾಡುತ್ತೇವೆ’ ಎನ್ನುವವರ ಕೈಯಲ್ಲಿ ಹಾಳೆಗಳಿರುತ್ತವೆ, ಯಾವ ಹಾಳೆಯನ್ನು ಯಾವಾಗ, ಏನು ಹೇಳಿ ಕೊಡಬೇಕೆಂಬುದು ಇರುವುದಿಲ್ಲ.

ಆ 225 ಹಾಳೆಗಳನ್ನೂ ಒಬ್ಬರಿಗೇ ಸುರಿಯಬಾರದೆಂದು ಬಿಡಿಸಿ ಹೇಳಬೇಕಿಲ್ಲ, ಆದರೂ ಸುರಿಯುತ್ತಾರೆ. ಪೂರ್ಣ ಕ್ರಮ 24 ವಾರಗಳದ್ದು, ವಾರಕ್ಕೆ ಎರಡೂವರೆ ಗಂಟೆಯ ಗುಂಪು. ಚಾಮರಾಜನಗರದಿಂದ ಬಸ್ಸು ಹತ್ತಿ ಬರುವವರನ್ನು ಇದಕ್ಕೆ ಕೂರಿಸುವುದು ಕಷ್ಟ. ಮ್ಯಾನ್ಯುಯಲ್ಲಿನಲ್ಲಿ ಕಡಿಮೆ ವಾರಗಳ ವೇಳಾಪಟ್ಟಿಗಳೂ ಇವೆ, ಮೊದಲು ಅವನ್ನು ನೋಡಿ.

ಹತ್ತಿರದಿಂದ ಒಂದು ಹಾಳೆ ನೋಡೋಣ: ತೀವ್ರ ಉದ್ವೇಗವನ್ನು ತಕ್ಷಣ ಇಳಿಸುವ ಹಾಳೆ. ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿ ಅದ್ದುವುದು, ಸುಮಾರು 30 ಸೆಕೆಂಡು. ನೀರು 50 ಡಿಗ್ರಿ ಫ್ಯಾರನ್‌ಹೀಟಿಗಿಂತ ತಣ್ಣಗಿರಬಾರದು, ನಮ್ಮ ಲೆಕ್ಕದಲ್ಲಿ 10 ಡಿಗ್ರಿ. ಬೆಂಗಳೂರಿನ ನಲ್ಲಿ ನೀರು ಅಷ್ಟು ತಣ್ಣಗಿರುವುದೇ ಇಲ್ಲ; ಬಕೆಟ್ಟಿಗೆ ಐಸ್ ಹಾಕಿದರೆ ಬೇಗ ಮಿತಿ ದಾಟುತ್ತದೆ. ಫ್ರಿಜ್ಜಿನ ನೀರಿಗೆ ನಲ್ಲಿ ನೀರು ಬೆರೆಸುವುದು ಸುಲಭ. ತಣ್ಣೀರು ಹೃದಯದ ಬಡಿತವನ್ನು ತಟ್ಟನೆ ಇಳಿಸುತ್ತದೆ, ಅದೇ ಇದರ ಗುಟ್ಟು, ಅದೇ ಇದರ ಅಪಾಯ ಕೂಡ. ಹೃದ್ರೋಗ ಇದ್ದವರು, ಹೃದಯ ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರು, ಅನೊರೆಕ್ಸಿಯಾ (ಊಟವನ್ನೇ ಬಿಡುವ ಕಾಯಿಲೆ) ಇರುವವರು ವೈದ್ಯರನ್ನು ಕೇಳದೆ ಮಾಡಬಾರದೆಂಬ ಎಚ್ಚರಿಕೆ ಮೂಲ ಹಾಳೆಯಲ್ಲೇ ಇದೆ. ಹಾಳೆಯನ್ನು ಕ್ರಾಪ್ ಮಾಡಿ ಫೋಟೋ ಕಳಿಸುವಾಗ ಮೊದಲು ಕಳೆದುಹೋಗುವುದು ಈ ಎಚ್ಚರಿಕೆಯೇ. ಅದೇ ಗುಂಪಿನ ನಿಧಾನ ಉಸಿರಾಟಕ್ಕೆ ಇಂಥ ರಗಳೆಯಿಲ್ಲ: 5 ಸೆಕೆಂಡು ಒಳಗೆ, 7 ಸೆಕೆಂಡು ಹೊರಗೆ. ಬಸ್ಸಿನಲ್ಲಿ ಕೂತೂ ಮಾಡಬಹುದು.

ಮಕ್ಕಳ ವಿಭಾಗದಲ್ಲಿ ರಸೆಲ್ ಬಾರ್ಕ್ಲಿ ಅವರ ‘ಡಿಫಯಂಟ್ ಚಿಲ್ಡ್ರನ್’ ಗಟ್ಟಿ ಪುಸ್ತಕ, ಮೂರನೆಯ ಆವೃತ್ತಿ 2013ರದ್ದು. ಅಪ್ಪ-ಅಮ್ಮಂದಿರಿಗೆ ಹತ್ತು ಹಂತಗಳಲ್ಲಿ ತರಬೇತಿ. ಮೊದಲು ಮಗುವಿನ ಜೊತೆ ಗದರದೆ ಕಳೆಯುವ ಆಟದ ಹೊತ್ತು, ಹೇಳಿದ ಮಾತು ಕೇಳಿದಾಗ ಗಮನ, ಆಮೇಲೆ ಬಹುಮಾನಕ್ಕಾಗಿ ಗಳಿಸುವ ಚಿಪ್ (ಬಿಲ್ಲೆ) ಅಥವಾ ಅಂಕಗಳ ಲೆಕ್ಕ, ಅದೆಲ್ಲ ಕೂತ ಮೇಲೆ ಟೈಮ್ ಔಟ್, ಅಂದರೆ ಮಗುವನ್ನು ಸ್ವಲ್ಪ ಹೊತ್ತು ಒಂದು ಕಡೆ ಸುಮ್ಮನೆ ಕೂರಿಸುವುದು. ನಮ್ಮಲ್ಲಿ ನೇರವಾಗಿ ಟೈಮ್ ಔಟಿಗೆ ಹಾರುತ್ತಾರೆ. ಗಳಿಸಲು ಏನೂ ಇಲ್ಲದ ಮಗುವಿಗೆ ಅದು ಬರೀ ಹಳೆಯ ಶಿಕ್ಷೆ. ಚಿಪ್ ಬದಲು ಹುಣಸೆ ಬೀಜ ಇಟ್ಟರೂ ನಡೆಯುತ್ತದೆ, ಎಣಿಸಲು ಬಂದರಾಯ್ತು. ಅದೇ ಲೇಖಕರು ಪೋಷಕರಿಗೆಂದು ಬರೆದ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಪುಸ್ತಕದಲ್ಲಿ ಅಮೆರಿಕದ ಶಾಲಾ ಕಾನೂನಿನ ಭಾಗವನ್ನು ದಾಟಿಕೊಂಡು ಹೋಗಿ. ಇಲ್ಲಿ ಬೇಕಾದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ.

ಆವೃತ್ತಿ ನೋಡದೆ ಕೊಳ್ಳುವುದು ಈ ಪ್ರಕಾಶನದ ಪುಸ್ತಕಗಳ ವಿಷಯದಲ್ಲಿ ದೊಡ್ಡ ನಷ್ಟ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ 1991, 2002, 2013, 2023ರಲ್ಲಿ ಬಂದಿದೆ. ಮೊದಲನೆಯದು ಮುಖ್ಯವಾಗಿ ವ್ಯಸನದ ಬಗ್ಗೆ. 2013ರದ್ದು ನಾಲ್ಕು ಪ್ರಕ್ರಿಯೆಗಳ ಚೌಕಟ್ಟು ತಂದಿತು, ಕ್ಲೈಂಟಿನ ‘ಪ್ರತಿರೋಧ’ದ ಹಳೆಯ ಮಾತನ್ನು ಕೈಬಿಟ್ಟಿತು. 2023ರದ್ದು ಗಾತ್ರದಲ್ಲಿ ಚಿಕ್ಕದು. ಹೊಸಬರಿಗೆ ಅದೇ ಒಳ್ಳೆಯದು. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 2002ರದ್ದು ಹಿಡಿದು ಪರೀಕ್ಷೆಗೆ ಓದಬೇಡಿ.

ಸಂಶೋಧನೆಯ ಪುಸ್ತಕಗಳಲ್ಲಿ ಪೆಟ್ಟು ಇನ್ನೂ ಜೋರು. ಆಂಡ್ರ್ಯೂ ಹೇಯ್ಸ್ ಅವರ ಮೀಡಿಯೇಶನ್ (ಒಂದು ಅಂಶ ಇನ್ನೊಂದರ ಮೇಲೆ ಯಾವುದರ ಮೂಲಕ ಪರಿಣಾಮ ಬೀರುತ್ತದೆ ಎಂಬ ವಿಶ್ಲೇಷಣೆ) ಪುಸ್ತಕದ 2013ರ ಆವೃತ್ತಿಯಲ್ಲಿರುವ ಆದೇಶಗಳು, ಆ ಲೆಕ್ಕ ಮಾಡುವ ‘ಪ್ರೊಸೆಸ್’ ಎಂಬ ಸಾಫ್ಟ್‌ವೇರ್ ಸಲಕರಣೆಯ ಮೂರನೆಯ ವರ್ಶನ್ನಿನಿಂದ ಮುಂದಕ್ಕೆ ಓಡುವುದಿಲ್ಲ, ಬರೆಯುವ ರೀತಿಯೇ ಬದಲಾಗಿದೆ. ಪಿಎಚ್.ಡಿ. ವಿದ್ಯಾರ್ಥಿಗಳು ದತ್ತಾಂಶ ತಪ್ಪಿದೆಯೆಂದು ರಾತ್ರಿಯೆಲ್ಲ ಹುಡುಕುವುದು ಇದಕ್ಕೇ. 2018 ಅಥವಾ 2022ರ ಆವೃತ್ತಿ ತೆಗೆದುಕೊಳ್ಳಿ.

ಹಾರ್ಡ್‌ಕವರ್ ಬೇಡ, ಪಠ್ಯ ಒಂದೇ, ಬೆಲೆ ಬಹಳ ಜಾಸ್ತಿ. ಇ-ಬುಕ್ಕಿನಲ್ಲಿ ಇಪಬ್ (ಪರದೆಗೆ ತಕ್ಕಂತೆ ಪುಟ ಬದಲಾಗುವ ಫೈಲು) ಓದಲು ಸರಿ, ವರ್ಕ್‌ಶೀಟಿಗೆ ಅಲ್ಲ. ಏಳು ಅಂಕಣದ ಕೋಷ್ಟಕ ಫೋನಿನಲ್ಲಿ ಚಿಂದಿಯಾಗುತ್ತದೆ. ಪಿಡಿಎಫ್ ಇರುವುದನ್ನೇ ಆರಿಸಿ. ಆಮದು ಪುಸ್ತಕಗಳ ಮೇಲೆ 2019ರ ಬಜೆಟ್ಟಿನಲ್ಲಿ ಶೇ 5 ಸುಂಕ ಬಂದಿರುವುದನ್ನೂ ಡಾಲರಿನ ಲೆಕ್ಕದ ಜೊತೆ ಸೇರಿಸಿಕೊಳ್ಳಿ. ತೆಳು ಕಾಗದ, ಬೂದು ಬಣ್ಣಕ್ಕೆ ತಿರುಗಿದ ಕೋಷ್ಟಕ, ಕಾಪಿರೈಟ್ ಪುಟವೇ ಇಲ್ಲದ ಅಗ್ಗದ ಪ್ರತಿ ಕಳ್ಳಮುದ್ರಣ. ಅದನ್ನು ಕೊಂಡವರಿಗೆ ನಕಲು ಮಾಡುವ ಅನುಮತಿಯೂ ಇಲ್ಲ.

ಕೊನೆಗೆ, ಕನ್ನಡದಲ್ಲಿ ಹಾಳೆ ಬೇಕೆನ್ನುವವರಿಗೆ. ನಕಲು ಪರವಾನಗಿಯಲ್ಲಿ ಅನುವಾದ ಸೇರಿಲ್ಲ. ಪ್ರಕಾಶನದ ಪರ್ಮಿಶನ್ಸ್ ವಿಭಾಗಕ್ಕೆ ಬರೆದು ಲಿಖಿತ ಒಪ್ಪಿಗೆ ಪಡೆಯಬೇಕು. ಪುಸ್ತಕ, ಆವೃತ್ತಿ, ಹಾಳೆಯ ಹೆಸರು ಮತ್ತು ಪುಟ, ಭಾಷೆ, ಎಷ್ಟು ಪ್ರತಿ, ಮುದ್ರಣವೋ ಡಿಜಿಟಲ್ಲೋ, ಉಚಿತವೋ ಮಾರಾಟಕ್ಕೋ, ಎಷ್ಟು ಕಾಲ ಬಳಸುತ್ತೀರಿ, ಅನುವಾದ ಮಾಡುವವರ ಅರ್ಹತೆ ಏನು ಎಂಬುದೆಲ್ಲ ಮೊದಲ ಪತ್ರದಲ್ಲೇ ಇರಲಿ. ಇಡೀ ಪುಸ್ತಕ ಕೇಳಬೇಡಿ. ನಿಜವಾಗಿ ಬಳಸುವ ನಾಲ್ಕೈದು ಹಾಳೆಗಳನ್ನಷ್ಟೇ ಕೇಳಿ. ಒಪ್ಪಿಗೆ ಬಂದ ಮೇಲೆ ಅವರು ಹೇಳಿದ ಕಾಪಿರೈಟ್ ಸಾಲನ್ನು ಪ್ರತಿ ಹಾಳೆಯ ಅಡಿಯಲ್ಲೂ ಇದ್ದಂತೆಯೇ ಅಚ್ಚು ಹಾಕಿಸಿ.