ಏಳು ತಂತಿಯ ಗಿಟಾರು ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ

ಒಂದೇ ಹೆಸರು, ಒಂದೇ ಬಣ್ಣ, ಒಂದೇ ಆಕಾರದ ಎರಡು ಏಳು ತಂತಿಯ ಎಲೆಕ್ಟ್ರಿಕ್ ಗಿಟಾರುಗಳು ಒಂದೇ ವಾದ್ಯವಲ್ಲ ಎಂಬುದನ್ನು ತಿಳಿಯಲು ನನಗೆ 61,000 ರೂಪಾಯಿ ಮತ್ತು ಹತ್ತು ತಿಂಗಳು ಬೇಕಾದವು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂಥ ಗಿಟಾರನ್ನು ಕೈಯಲ್ಲಿ ಹಿಡಿದು ನುಡಿಸಿ ನೋಡಿ ಕೊಳ್ಳುವ ಅನುಕೂಲ ಅಷ್ಟಾಗಿ ಇಲ್ಲದಿರುವುದರಿಂದ, ಫೋನಿನಲ್ಲಿ ಮಾತಾಡಿ, ಹಣ ಕಳಿಸಿ, ಪಾರ್ಸಲ್ಲಿನಲ್ಲಿ ತರಿಸಿಕೊಳ್ಳುವವರೇ ಹೆಚ್ಚು. ಅವರಿಗಾಗಿ ನನ್ನ ಪಾಡನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ. ಮಾರಿದ ಅಂಗಡಿಯ ಹೆಸರನ್ನಾಗಲಿ, ಗಿಟಾರು ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಹೇಳುವುದಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಸಾಕಷ್ಟಿದೆ.

ನಾವು ನಾಲ್ವರು ಗೆಳೆಯರು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದ ಕಟಿಂಗ್ ಕೋಣೆಯಲ್ಲಿ, ರಾತ್ರಿ ಯಂತ್ರಗಳು ನಿಂತ ಮೇಲೆ, ಅಭ್ಯಾಸ ಮಾಡುತ್ತೇವೆ. ನಮ್ಮ ಅರ್ಧ ಹಾಡುಗಳು ಏಳು ತಂತಿಯ ಸಾಮಾನ್ಯ ಶ್ರುತಿಯಲ್ಲಿವೆ, ಅಂದರೆ ಆರು ತಂತಿಯ ಗಿಟಾರಿನ ಕೆಳಗೆ ಇನ್ನೊಂದು ಮಂದ್ರದ ‘ಬಿ’. ಉಳಿದರ್ಧ ಹಾಡುಗಳಲ್ಲಿ ಆ ಕೆಳಗಿನ ತಂತಿಯನ್ನು ಇನ್ನೂ ಒಂದು ಸ್ವರ ಇಳಿಸಿ ‘ಎ’ಗೆ ತರುತ್ತೇವೆ. ಈ ಒಂದು ಸಂಗತಿಯೇ ನಾನು ಯಾವ ಮಾದರಿ ಕೊಳ್ಳಬೇಕು ಎಂಬುದನ್ನು ತೀರ್ಮಾನಿಸಬೇಕಿತ್ತು. ನನಗದು ಗೊತ್ತೂ ಇತ್ತು. ಆದರೂ ಮಾತಿಗೆ ಮರುಳಾದೆ.

ಏಳು ತಂತಿಯ ಗಿಟಾರು ನಿನ್ನೆ ಮೊನ್ನೆಯದಲ್ಲ. ಜಾಜ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲೇ ಮಂದ್ರದ ‘ಎ’ ಸೇರಿಸಿದ ಏಳು ತಂತಿಯ ವಾದ್ಯವನ್ನು ಮಾಡಿಸಿಕೊಂಡಿದ್ದರು. ರಾಕ್ ನುಡಿಸುವವರಿಗೆ ಅದು ಸುಲಭವಾಗಿ ಸಿಗುವಂತಾದದ್ದು 1990ರಲ್ಲಿ, ಗಿಟಾರು ವಾದಕ ಸ್ಟೀವ್ ವಾಯ್ ಅವರೊಡನೆ ರೂಪಿಸಿದ ಯೂನಿವರ್ಸ್ ಮಾದರಿಯನ್ನು ಐಬನೆಜ್ ಕಂಪನಿ ಮಾರುಕಟ್ಟೆಗೆ ತಂದಾಗ. 1994ರಲ್ಲಿ ಬಂದ, ಕಾರ್ನ್ ಎಂಬ ಅಮೆರಿಕದ ಮೆಟಲ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಅದೇ ಗಿಟಾರುಗಳು ಇನ್ನೂ ಒಂದು ಸ್ವರ ಕೆಳಗಿಳಿದು ಗುಡುಗಿದ ಮೇಲೆ ಕಂಪನಿಗಳೆಲ್ಲ ಸಾಲುಗಟ್ಟಿ ಏಳು ತಂತಿಯನ್ನು ತಯಾರಿಸತೊಡಗಿದವು. ಗೊಂದಲ ಶುರುವಾಗುವುದು ಇಲ್ಲಿಂದಲೇ, ಏಕೆಂದರೆ ಒಂದು ಸರಣಿಯ ಹೆಸರಿನಡಿ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬಗೆಯ ಗಿಟಾರುಗಳು ಬರುತ್ತವೆ, ಮತ್ತು ಅವುಗಳ ನಡುವಿನ ವ್ಯತ್ಯಾಸವನ್ನು ಹೇಳುವುದು ಮಾದರಿ ಸಂಖ್ಯೆಯ ಬಾಲದಲ್ಲಿರುವ ಒಂದು ಅಂಕಿ ಅಥವಾ ಎರಡು ಅಕ್ಷರ ಮಾತ್ರ. ಉದಾಹರಣೆಗೆ ಬ್ರಿಡ್ಜು, ಅಂದರೆ ಗಿಟಾರಿನ ಮೈಮೇಲೆ ತಂತಿಗಳ ಬುಡವನ್ನು ಹಿಡಿಯುವ ಲೋಹದ ಭಾಗ. ಐಬನೆಜ್‌ನ ಆರ್‌ಜಿ7420ಕ್ಕೆ ತೇಲುವ ಬ್ರಿಡ್ಜು ಇದ್ದರೆ ಆರ್‌ಜಿ7421ಕ್ಕೆ ಕದಲದ ಬ್ರಿಡ್ಜು. ಶೆಕ್ಟರ್ ಕಂಪನಿಯ ಮಾದರಿಗಳಲ್ಲಿ ಹೆಸರಿನ ಕೊನೆಗೆ ‘ಎಫ್‌ಆರ್’ ಎಂದಿದ್ದರೆ ಫ್ಲಾಯ್ಡ್ ರೋಸ್ ಬಗೆಯ ತೇಲುವ ಬ್ರಿಡ್ಜು ಇದೆ ಎಂದರ್ಥ. ಫೋನಿನಲ್ಲಿ ಮಾತಾಡುವಾಗ ಯಾರೂ ಬಾಲದ ಅಕ್ಷರಗಳನ್ನು ಉಚ್ಚರಿಸುವುದಿಲ್ಲ. ‘ಆ ಕಪ್ಪು ಬಣ್ಣದ್ದು’ ಎನ್ನುತ್ತಾರೆ.

ನಾನು ಬಯಸಿದ್ದು 27 ಇಂಚು ಸ್ಕೇಲಿನ, ಕದಲದ ಬ್ರಿಡ್ಜಿನ ಮಾದರಿಯನ್ನು. ಸ್ಕೇಲ್ ಎಂದರೆ ನಟ್‌ನಿಂದ ಬ್ರಿಡ್ಜಿನವರೆಗೆ ತಂತಿ ಕಂಪಿಸುವ ಉದ್ದ; ನಟ್ ಎಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ. ಬೆಂಗಳೂರಿನ ಅಂಗಡಿಯವರು ಮೊದಲು ಇದೆ ಎಂದವರು, ಎರಡು ದಿನ ಬಿಟ್ಟು ಫೋನು ಮಾಡಿ, ಅದು ಮುಗಿದಿದೆ, ಅದೇ ಸರಣಿಯಲ್ಲಿ ಟ್ರೆಮೊಲೊ, ಅಂದರೆ ತೇಲುವ ಬ್ರಿಡ್ಜಿನದು ಇದೆ, ಅದು ಇನ್ನೂ ಮೇಲಿನ ಮಾಡೆಲ್, ಬೆಲೆ 7,000 ರೂಪಾಯಿ ಜಾಸ್ತಿ, ಆದರೆ ನಿಮಗೆ ಹಳೆಯ ಬೆಲೆಗೇ ಕೊಡುತ್ತೇವೆ ಎಂದರು. ‘ಸ್ಕೇಲ್ ಅದೇ ತಾನೆ?’ ಎಂದು ನಾನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ‘ಎಲ್ಲಾ ಅದೇ ಸಾರ್, ಬ್ರಿಡ್ಜು ಒಂದು ಬೇರೆ, ಅಷ್ಟೇ’ ಎಂಬ ಉತ್ತರವೂ ನೆನಪಿದೆ. ಏಳು ಸಾವಿರದ ವಸ್ತು ಪುಕ್ಕಟೆ ಸಿಗುತ್ತಿದೆ ಎಂಬ ಆಸೆ ಉಳಿದ ಪ್ರಶ್ನೆಗಳನ್ನು ನುಂಗಿಹಾಕಿತು. ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿ ಇಳಿದು ಕಣ್ಣಾರೆ ನೋಡಿ ಬರಬಹುದಿತ್ತು. ಒಂದು ದಿನದ ರಜೆ ಉಳಿಸಲು ಹೋಗಿ ಅದನ್ನೂ ಮಾಡಲಿಲ್ಲ.

ಗಿಟಾರು ಬಂದ ವಾರದಲ್ಲೇ ಕೆಳಗಿನ ತಂತಿ ಸಡಿಲವೆನಿಸತೊಡಗಿತು. ಜೋರಾಗಿ ಮೀಟಿದರೆ ಸ್ವರ ಒಂದು ಕ್ಷಣ ಮೇಲೇರಿ ಆಮೇಲೆ ತನ್ನ ಜಾಗಕ್ಕೆ ಇಳಿಯುತ್ತಿತ್ತು, ‘ಎ’ಗೆ ಇಳಿಸಿದಾಗಲಂತೂ ತಂತಿ ಫ್ರೆಟ್ಟುಗಳಿಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ, ಬಡಿದು ಗರಗರ ಎನ್ನುತ್ತಿತ್ತು. ನಾನು ಆಂಪ್ಲಿಫೈಯರನ್ನು ದೂರಿದೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪನ್ನು ದೂರಿದೆ, ಕೋಣೆಯ ಅರ್ತಿಂಗನ್ನೂ ದೂರಿದೆ. ಕೊನೆಗೆ ಒಂದು ರಾತ್ರಿ, ಬಾಗಿಲು ಹಾಕಲು ಬಂದ ಕಟಿಂಗ್ ಮಾಸ್ಟರು ನಮ್ಮ ವಾದವನ್ನು ಕೇಳಿ, ಅಳೆದು ನೋಡಬಾರದೇಕೆ ಎಂದು ಕೊರಳಲ್ಲಿದ್ದ ಟೇಪನ್ನು ತೆಗೆದರು. ನಟ್‌ನಿಂದ ಹನ್ನೆರಡನೆಯ ಫ್ರೆಟ್ಟಿನವರೆಗಿನ ದೂರ ಸ್ಕೇಲಿನ ಸರಿಯಾಗಿ ಅರ್ಧ ಇರುತ್ತದೆ. 27 ಇಂಚಿನ ಗಿಟಾರಾದರೆ ಅಲ್ಲಿ ಹದಿಮೂರೂವರೆ ಇಂಚು ಬರಬೇಕು. ‘ಹನ್ನೆರಡೂ ಮುಕ್ಕಾಲು’ ಎಂದರು ಮಾಸ್ಟರು. ಸೊಂಟದ ಅಳತೆ ಹೇಳಿದಷ್ಟೇ ಸಹಜವಾಗಿ ಹೇಳಿದರು. ನನ್ನ ಕೈಯಲ್ಲಿದ್ದದ್ದು 25.5 ಇಂಚಿನ ಗಿಟಾರು, ಅಂದರೆ ಸಾಮಾನ್ಯ ಆರು ತಂತಿಯ ಗಿಟಾರಿನದೇ ಉದ್ದ.

ಒಂದೂವರೆ ಇಂಚಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಲೆಕ್ಕವನ್ನೇ ಹೇಳಬೇಕು. ತಂತಿ ಅದೇ ಆಗಿದ್ದರೆ ಅದರ ಬಿಗಿತವು ಉದ್ದದ ವರ್ಗವನ್ನೂ ಕಂಪನಾಂಕದ ವರ್ಗವನ್ನೂ ಅನುಸರಿಸುತ್ತದೆ. 27ರಿಂದ 25.5ಕ್ಕೆ ಇಳಿದರೆ ಅದೇ ‘ಬಿ’ ಸ್ವರಕ್ಕೆ ಬಿಗಿತ ಶೇ. 11ರಷ್ಟು ಕಡಿಮೆ. ಆ ‘ಬಿ’ 61.7 ಹರ್ಟ್ಸ್, ಅದನ್ನು 55 ಹರ್ಟ್ಸಿನ ‘ಎ’ಗೆ ಇಳಿಸಿದರೆ ಇನ್ನೂ ಐದನೆಯ ಒಂದು ಭಾಗ ಹೋಗುತ್ತದೆ. ಎರಡೂ ಸೇರಿದರೆ ಸುಮಾರು ಶೇ. 29ರಷ್ಟು ಬಿಗಿತ ಇಲ್ಲದಂತಾಯಿತು. ಅದನ್ನು ದಪ್ಪ ತಂತಿಯಿಂದ ತುಂಬಿಕೊಳ್ಳಬಹುದು, ನಿಜ. ಆದರೆ 56ರ ತಂತಿ (ದಪ್ಪ ಇಂಚಿನ ಸಾವಿರದಲ್ಲಿ 56 ಭಾಗ) ಇದ್ದಲ್ಲಿ 66ರ ಆಸುಪಾಸಿನದನ್ನು ಹಾಕಬೇಕಾಗುತ್ತದೆ. ಅಷ್ಟು ದಪ್ಪದ ತಂತಿ ಗಿಡ್ಡ ಸ್ಕೇಲಿನಲ್ಲಿ ಮಂಕಾಗಿ ನುಡಿಯುತ್ತದೆ, ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ಸರಿಹೊಂದಿಸುವುದೂ ಕಷ್ಟ. ‘ಬಿ’ಯಲ್ಲೇ ಇರುವವರಿಗೆ 25.5 ಇಂಚು ಸಾಕು, ಯೂನಿವರ್ಸ್ ಗಿಟಾರಿನ ಉದ್ದವೂ ಅದೇ, ಬೆರಳುಗಳಿಗೂ ಹಗುರ. ನಡುವಿನ 26.5 ಇಂಚಿನವೂ ಇವೆ. ಮಂದ್ರದ ತಂತಿಯನ್ನು ಉದ್ದ, ತಾರದ ತಂತಿಯನ್ನು ಗಿಡ್ಡ ಮಾಡಿ ಫ್ರೆಟ್ಟುಗಳನ್ನು ಓರೆಯಾಗಿ ಕೂರಿಸಿದವೂ ಇವೆ. ಯಾವುದೂ ಕೆಟ್ಟದ್ದಲ್ಲ. ಕೇಳಿದ್ದು ಬರಬೇಕು, ಅಷ್ಟೇ.

ಬ್ರಿಡ್ಜಿನ ಕಥೆ ಇದಕ್ಕಿಂತ ದೊಡ್ಡದು. ತೇಲುವ ಬ್ರಿಡ್ಜು ಒಂದು ತಕ್ಕಡಿ ಇದ್ದಂತೆ: ಒಂದು ಕಡೆಯಿಂದ ಏಳು ತಂತಿಗಳು ಎಳೆಯುತ್ತವೆ, ಹಿಂಬದಿಯ ಗುಂಡಿಯಲ್ಲಿರುವ ಸ್ಪ್ರಿಂಗುಗಳು ಇನ್ನೊಂದು ಕಡೆಗೆ ಎಳೆಯುತ್ತವೆ, ಎರಡೂ ಸಮವಾದಾಗ ಬ್ರಿಡ್ಜು ಮಟ್ಟವಾಗಿ ನಿಲ್ಲುತ್ತದೆ. ಒಂದು ತಂತಿಯನ್ನು ಇಳಿಸಿದರೆ ಸ್ಪ್ರಿಂಗಿನ ಕೈ ಮೇಲಾಗಿ ಉಳಿದ ಆರೂ ತಂತಿಗಳು ಏರುತ್ತವೆ. ಅವನ್ನು ಇಳಿಸಿದರೆ ಮೊದಲನೆಯದು ಮತ್ತೆ ಏರುತ್ತದೆ. ಜೊತೆಗೆ ನಟ್‌ನಲ್ಲಿ ತಂತಿಗಳನ್ನು ಬಿಗಿಹಿಡಿಯುವ ಬೀಗಗಳಿರುವುದರಿಂದ ಪ್ರತಿ ಸಲವೂ ಅಲೆನ್ ಕೀ ಹಿಡಿದು ಬಿಚ್ಚಬೇಕು. ಕದಲದ ಬ್ರಿಡ್ಜಿನಲ್ಲಿ ಹತ್ತು ಸೆಕೆಂಡಿನ ಕೆಲಸವಾದ ‘ಬಿ’ಯಿಂದ ‘ಎ’ಗೆ ಇಳಿಯುವುದು ನನಗೆ ಅರ್ಧ ಗಂಟೆಯ ಕೆಲಸವಾಯಿತು. ಒಂದೇ ಶ್ರುತಿಯಲ್ಲಿ ಇದ್ದು, ಬ್ರಿಡ್ಜಿಗೆ ಸಿಕ್ಕಿಸುವ ಕಂಬಿಯನ್ನು ಅದುಮಿ ಎಳೆದು ಸ್ವರಗಳನ್ನು ಆಡಿಸುವವರಿಗೆ ಇದಕ್ಕಿಂತ ಸೊಗಸಾದ ಯಂತ್ರವಿಲ್ಲ. ಹತ್ತು ತಿಂಗಳಲ್ಲಿ ನಾನು ಆ ಕಂಬಿಯನ್ನು ಸಿಕ್ಕಿಸಿದ್ದು ಎರಡು ಸಲ.

ಕೊಪ್ಪಳದ ಕಾಲೇಜೊಂದರ ಕಾರ್ಯಕ್ರಮದಲ್ಲಿ ಎರಡನೆಯ ಹಾಡಿನ ನಡುವೆ ಒಂದು ತಂತಿ ಹರಿಯಿತು. ಬೇರೆ ಗಿಟಾರಿನಲ್ಲಾದರೆ ಉಳಿದ ತಂತಿಗಳಲ್ಲಿ ಹೇಗೋ ಹಾಡು ಮುಗಿಸಬಹುದು. ತೇಲುವ ಬ್ರಿಡ್ಜಿನಲ್ಲಿ ಒಂದು ಹರಿದ ಕೂಡಲೇ ತಕ್ಕಡಿ ಸ್ಪ್ರಿಂಗಿನ ಕಡೆಗೆ ವಾಲಿ ಎಲ್ಲ ತಂತಿಗಳ ಶ್ರುತಿಯೂ ಕೆಟ್ಟಿತು. ಬಾಸ್ ಗಿಟಾರು ಮತ್ತು ಡ್ರಮ್ಮಿನವರು ಉಳಿದದ್ದನ್ನು ನಿಭಾಯಿಸಿದರು. ನಾನು ವೇದಿಕೆಯ ಮೇಲೆ ಗಿಟಾರು ಹಿಡಿದುಕೊಂಡು ನಿಂತಿದ್ದೆ. ಆ ಹೊತ್ತಿನ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ.

ತಂತಿಯ ವಿಚಾರವೂ ಹಾಗೆಯೇ. ಏಳು ತಂತಿಯ ಸೆಟ್ಟು ನಾನು ಕೇಳಿದ ಬಳ್ಳಾರಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಬ್ಬರ ಸಲಹೆಯಂತೆ ಅಕೂಸ್ಟಿಕ್ ಗಿಟಾರಿನ ಮೀಡಿಯಂ ಸೆಟ್ಟನ್ನು ತಂದೆ, ಏಕೆಂದರೆ ಅದರ ಆರನೆಯ ತಂತಿಯೂ 56ರದೇ. ಅಳತೆ ಸರಿಹೋಯಿತು, ದನಿ ಸರಿಹೋಗಲಿಲ್ಲ: ಅದರ ಮೇಲಿನ ಸುತ್ತು ಕಂಚಿನದಾದ್ದರಿಂದ ಪಿಕಪ್ಪಿನ ಅಯಸ್ಕಾಂತ ಅದನ್ನು ನಿಕ್ಕಲ್ ತಂತಿಯಷ್ಟು ಗುರುತಿಸುವುದಿಲ್ಲ, ಉಳಿದ ಆರು ತಂತಿಗಳ ನಡುವೆ ಅದೊಂದು ಪಿಸುಗುಡುತ್ತಿತ್ತು. ದುಡ್ಡೂ ದಂಡ, ಒಂದು ಭಾನುವಾರವೂ ದಂಡ. ಏಳು ತಂತಿ ಕೊಳ್ಳುವವರು ಗಿಟಾರಿನ ಜೊತೆಗೇ ಮೂರು ನಾಲ್ಕು ಸೆಟ್ಟು ತರಿಸಿಟ್ಟುಕೊಳ್ಳುವುದು ಒಳ್ಳೆಯದು, ಫ್ಲಾಯ್ಡ್ ರೋಸ್ ಆಗಿದ್ದರೆ ತಂತಿಯ ಬುಡದ ಗುಂಡು ಕತ್ತರಿಸಲು ಒಂದು ಗಟ್ಟಿ ಕಟಿಂಗ್ ಪ್ಲೇಯರನ್ನೂ.

ಇಲ್ಲಿಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ, 40 ಡಿಗ್ರಿ ದಾಟುವ ದಿನಗಳಲ್ಲಿ, ಫಿಂಗರ್‌ಬೋರ್ಡಿನ ಮರ ಕುಗ್ಗಿ ಫ್ರೆಟ್ಟುಗಳ ತುದಿ ಅಂಗೈಗೆ ತಾಗುವಷ್ಟು ಹೊರಬರುತ್ತದೆ. ಮಳೆ ಹಿಡಿದಾಗ ಕತ್ತು ಇನ್ನೊಂದು ಕಡೆಗೆ ಬಾಗುತ್ತದೆ. ಯಾವ ಗಿಟಾರಿಗೂ ಇದು ತಪ್ಪಿದ್ದಲ್ಲ. ಆದರೆ ಕದಲದ ಬ್ರಿಡ್ಜಾದರೆ ಕತ್ತಿನೊಳಗಿನ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ಶ್ರುತಿ ಮಾಡಿದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ತೇಲುವುದರಲ್ಲಿ ಕತ್ತು ಬದಲಾದರೆ ತಂತಿಯ ಎಳೆತ ಬದಲು, ಎಳೆತ ಬದಲಾದರೆ ಬ್ರಿಡ್ಜಿನ ಮಟ್ಟ ಬದಲು, ಮಟ್ಟ ಬದಲಾದರೆ ತಂತಿಯ ಎತ್ತರ ಬದಲು. ಇದನ್ನೆಲ್ಲ ಬಲ್ಲ ಕುಶಲಕರ್ಮಿ ನನಗೆ ಹತ್ತಿರದಲ್ಲಿ ಸಿಕ್ಕಿಲ್ಲ.

ಅಂಗಡಿಯವರನ್ನು ಕೇಳಲಿಲ್ಲವೇ ಎಂದರೆ, ಕೇಳಿದೆ. ತಂತಿ ಬದಲಿಸಿದ್ದೀರಿ, ಹಿಂಬದಿಯ ಮುಚ್ಚಳ ಬಿಚ್ಚಿದ್ದೀರಿ, ವಾಪಸು ಸಾಧ್ಯವಿಲ್ಲ ಎಂದರು. 27 ಇಂಚಿನದೆಂದು ನೀವೇ ಹೇಳಿದ್ದಿರಿ ಎಂದೆ. ಬಿಲ್ಲಿನಲ್ಲಿ ಎಲ್ಲಿದೆ ಎಂದರು. ಬಿಲ್ಲನ್ನು ಆಗ ಮೊದಲ ಬಾರಿಗೆ ಸರಿಯಾಗಿ ಓದಿದೆ: ಸರಣಿಯ ಹೆಸರು, ‘7 ಸ್ಟ್ರಿಂಗ್’, ‘ಬ್ಲ್ಯಾಕ್’, ಮೊತ್ತ. ಪೂರ್ತಿ ಮಾದರಿ ಸಂಖ್ಯೆ ಇರಲಿಲ್ಲ, ಗಿಟಾರಿನ ಸೀರಿಯಲ್ ಸಂಖ್ಯೆ ಇರಲಿಲ್ಲ, ಸ್ಕೇಲಿನ ಮಾತೇ ಇರಲಿಲ್ಲ. ನಮ್ಮ ನಡುವಿನ ಮಾತೆಲ್ಲ ಫೋನಿನಲ್ಲಿ ಆಗಿತ್ತು, ಬರೆದದ್ದು ಒಂದು ಸಾಲೂ ಇಲ್ಲ. ಆದ್ದರಿಂದ ಹಣ ಕಳಿಸುವ ಮೊದಲು ಮೂರನ್ನು ಬರಹದಲ್ಲಿ ಪಡೆಯಿರಿ: ಬಾಲದ ಅಕ್ಷರಗಳೂ ಸೇರಿದ ಪೂರ್ತಿ ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ಮತ್ತು ನಟ್‌ನಿಂದ ಹನ್ನೆರಡನೆಯ ಫ್ರೆಟ್ಟಿನವರೆಗೆ ಟೇಪು ಇಟ್ಟು ತೆಗೆದ ಒಂದು ಚಿತ್ರ. ಪಾರ್ಸಲ್ಲು ಬಂದ ದಿನ ತಂತಿಯನ್ನು ಮುಟ್ಟುವ ಮೊದಲೇ ನೀವೂ ಅಳೆಯಿರಿ. ಆಮೇಲೆ ಬೇಕಾದರೆ ಇಎಂಜಿ ಕಂಪನಿಯ ಪಿಕಪ್ಪು ಹಾಕಿಸಿಕೊಳ್ಳಬಹುದು ಎಂಬ ಮಾತನ್ನೂ ಹಾಗೇ ನಂಬಬೇಡಿ. ಇಎಂಜಿ 707ರ ಮೈ ದೊಡ್ಡದು, ಸಾಮಾನ್ಯ ಏಳು ತಂತಿಯ ಹಂಬಕ್ಕರ್ ಪಿಕಪ್ಪಿನ ಗುಂಡಿಯಲ್ಲಿ ಮರ ಕೊರೆಯದೆ ಅದು ಕೂರುವುದಿಲ್ಲ.

ಕೊನೆಗೆ ಒಂದಿಷ್ಟು ಪರಿಹಾರ ಸಿಕ್ಕಿದ್ದು ನಾಟಕದ ಮೇಳಗಳಿಗೆ ಹಾರ್ಮೋನಿಯಂ ರಿಪೇರಿ ಮಾಡಿಕೊಡುವ ಹಿರಿಯರೊಬ್ಬರಿಂದ. ಇದು ನನ್ನ ವಾದ್ಯವಲ್ಲ ಎಂದು ಮೊದಲೇ ಹೇಳಿದ ಅವರು, ಬ್ರಿಡ್ಜು ಅಲುಗಾಡದಿದ್ದರೆ ಸಾಕಲ್ಲವೇ ಎಂದು ಕೇಳಿ, ಹಿಂಬದಿಯ ಗುಂಡಿಯಲ್ಲಿ ಬ್ರಿಡ್ಜಿನ ಲೋಹದ ಗಟ್ಟಿಗೂ ಮರದ ಗೋಡೆಗೂ ನಡುವೆ ಎರಡೂ ಪಕ್ಕದಲ್ಲಿ ತೇಗದ ತುಂಡುಗಳನ್ನು ಅಳತೆಗೆ ಕೆತ್ತಿ ಕೂರಿಸಿದರು. ಈಗ ಬ್ರಿಡ್ಜು ಕದಲುವುದಿಲ್ಲ, ತಂತಿ ಹರಿದರೆ ಉಳಿದವು ತಮ್ಮ ಪಾಡಿಗೆ ತಾವಿರುತ್ತವೆ. ಅಂದರೆ, ಮೇಲಿನ ಮಾಡೆಲ್ ಎಂದು ಕೊಂಡದ್ದನ್ನು ಮತ್ತೆ ಖರ್ಚು ಮಾಡಿ ಕೆಳಗಿನ ಮಾಡೆಲ್ ಮಾಡಿಕೊಂಡಿದ್ದೇನೆ. ಸ್ಕೇಲಿಗೆ ಮಾತ್ರ ಯಾವ ತೇಗದ ತುಂಡೂ ಇಲ್ಲ. ‘ಎ’ ಶ್ರುತಿಯ ಹಾಡುಗಳನ್ನು ಸದ್ಯಕ್ಕೆ ಬಿಟ್ಟಿದ್ದೇವೆ.

ಗಿಟಾರನ್ನು ಮಾರಾಟಕ್ಕಿಟ್ಟಿದ್ದೇನೆ. ಹೋದ ವಾರ ಸಿರುಗುಪ್ಪದಿಂದ ಒಬ್ಬ ಹುಡುಗ ನೋಡಲು ಬಂದಿದ್ದ. ನುಡಿಸುವ ಮೊದಲು ಅವನ ಕೈಗೆ ಕಟಿಂಗ್ ಮಾಸ್ಟರ ಟೇಪು ಕೊಟ್ಟೆ. ನಟ್‌ನಿಂದ ಅಳೆದು, ಎರಡರಿಂದ ಗುಣಿಸಿ, ಅವನು ಗಿಟಾರನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟು, ನನಗೆ ಬೇಕಾದದ್ದು ಉದ್ದದ್ದು ಅಣ್ಣ ಎಂದ. ಚಹಾ ಕುಡಿಸಿ ಕಳಿಸಿದೆ.