ರಾತ್ರಿ ಅನ್ನದ ಬದಲು: ಡಬ್ಬಿ ಪುಡಿ, ಓಟ್ಸ್, ಹುರಿಹಿಟ್ಟು, ನವಣೆ

ತೂಕ ಇಳಿಯಬೇಕು, ಕೊಲೆಸ್ಟ್ರಾಲ್ ಕೂಡ ತಗ್ಗಬೇಕು. ಅದಕ್ಕೆ ರಾತ್ರಿಯ ಅನ್ನ ಬಿಟ್ಟು ಈ ನಾಲ್ಕನ್ನೂ ಒಂದೊಂದಾಗಿ ತಿಂದು ನೋಡಿದೆ. ಮಂಡ್ಯದ ಮನೆಯಲ್ಲಿ ರಾತ್ರಿ ಊಟಕ್ಕೆ ಕೂರದಿದ್ದರೆ ಜ್ವರ ಬಂದಿದೆಯಾ ಅಂತ ಕೇಳುತ್ತಾರೆ, ಅದು ಬೇರೆ ಮಾತು.

ಡಬ್ಬಿ ಪುಡಿ ಅಂದರೆ ಊಟದ ಬದಲು ಕಲಸಿ ಕುಡಿಯುವ ಪುಡಿ. ಅದಕ್ಕೆ ಒಲೆ ಹಚ್ಚಬೇಕಿಲ್ಲ, ಪ್ರೋಟೀನ್ ಕೂಡ ಚೆನ್ನಾಗಿದೆ. ಆದರೆ ನಾನು ತಂದ ಡಬ್ಬಿಯ ಮುಂದೆ ‘ಮಲ್ಟಿಗ್ರೇನ್’ ಎಂದು ದಪ್ಪಕ್ಷರ, ಹಿಂದಿನ ಪಟ್ಟಿಯಲ್ಲಿ ಎರಡನೇ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಸಕ್ಕರೆಯಷ್ಟೇ ಬೇಗ ಜೀರ್ಣವಾಗುವ ಪಿಷ್ಟದ ಪುಡಿ. ತೂಕದಲ್ಲಿ ಜಾಸ್ತಿ ಇರುವುದನ್ನೇ ಪಟ್ಟಿಯಲ್ಲಿ ಮೊದಲು ಬರೆಯುತ್ತಾರೆ. ಹಲವು ಧಾನ್ಯ ಹಾಕಿದ ಮಾತ್ರಕ್ಕೆ ತೌಡು ಉಳಿದಿರುತ್ತದೆ ಎಂದೇನಿಲ್ಲ. ಬೆಲೆಯೂ ಜಾಸ್ತಿ. ಮಲಗುವ ಹೊತ್ತಿಗೆ ಮತ್ತೆ ಹಸಿವು.

ಹೃದಯದ ವಿಷಯಕ್ಕೆ ಬಂದರೆ ಓಟ್ಸ್ ಮುಂದೆ. ಅದರಲ್ಲಿ ಬೀಟಾ ಗ್ಲುಕನ್ ಎಂಬ ಕರಗುವ ನಾರಿದೆ. ಅದು ಕರುಳಿನಲ್ಲಿ ಲೋಳೆಯಾಗಿ ಪಿತ್ತರಸವನ್ನು (ಕೊಬ್ಬು ಜೀರ್ಣಿಸಲು ಲಿವರ್ ಮಾಡುವ ರಸ) ಹಿಡಿದು ಹೊರಗೆ ಕಳಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಓಟ್ಸ್ ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲೇ ಪೊಟ್ಟಣದ ಮೇಲೆ ಹೇಳಿಕೊಳ್ಳಲು ಒಪ್ಪಿತು. ಆದರೆ ದಿನಕ್ಕೆ 3 ಗ್ರಾಂ ಬೀಟಾ ಗ್ಲುಕನ್ ಸಿಗಬೇಕಾದರೆ ಒಣ ಓಟ್ಸ್ ಹತ್ತಿರ ಹತ್ತಿರ 75 ಗ್ರಾಂ ಬೇಕು. ಹಾಲಿಗೆ ಎರಡು ಚಮಚ ಉದುರಿಸಿಕೊಂಡರೆ ಏನೂ ಆಗಲ್ಲ. ಮಸಾಲೆ ಓಟ್ಸ್ ಪೊಟ್ಟಣದಲ್ಲಿ ಉಪ್ಪು ಜಾಸ್ತಿ, ಬಿ.ಪಿ. ಇರುವವರು ದೂರ ಇಡಿ. ನಾನು ಸಾದಾ ಓಟ್ಸನ್ನು ಬೀನ್ಸ್, ಕ್ಯಾರೆಟ್ ಹಾಕಿ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ. ಸ್ವಲ್ಪ ಅಂಟು, ಅಷ್ಟೇ.

ರಾಗಿ ಹುರಿಹಿಟ್ಟಿನ ಬಗ್ಗೆ ಬರೆಯುವಾಗ ನನಗೆ ಪಕ್ಷಪಾತ ಇದ್ದೇ ಇದೆ. ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಹೆಚ್ಚು ಇಳುವರಿಯ ಇಂಡಾಫ್ ರಾಗಿ ತಳಿಗಳನ್ನು ಕೊಟ್ಟಿದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಿಂದ, ಅಲ್ವಾ? ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟನ್ನು ಮಜ್ಜಿಗೆಗೆ ಕಲಸಿದರೆ ಬರುವ ಘಮ ಯಾವ ಡಬ್ಬಿಯಲ್ಲೂ ಇಲ್ಲ. ಹೊಟ್ಟು ಸಮೇತ ಬೀಸುವುದರಿಂದ ನಾರು ಉಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಂಗಿಂತ ಜಾಸ್ತಿ. ಪ್ರೋಟೀನ್ ಮಾತ್ರ 7 ಗ್ರಾಂ ಆಸುಪಾಸು, ಓಟ್ಸಿಗಿಂತ ಕಡಿಮೆ. ಹುರಿದು ನುಣ್ಣಗೆ ಬೀಸಿದ್ದು ಬೇಗ ಜೀರ್ಣವಾಗುತ್ತದೆ, ಅದಕ್ಕೆ ಜೊತೆಗೆ ಮೊಳಕೆ ಹೆಸರುಕಾಳು ಇಟ್ಟುಕೊಳ್ಳುತ್ತೇನೆ. ಬೆಲ್ಲ, ಕಾಯಿತುರಿ, ತುಪ್ಪ ಸೇರಿಸಿ ತಿಂದರೆ ರುಚಿಗೆ ಎಣೆಯಿಲ್ಲ, ತೂಕ ಮಾತ್ರ ಒಂದು ಗ್ರಾಂ ಇಳಿಯಲ್ಲ.

ನವಣೆ ಅಗಿದು ತಿನ್ನಬೇಕು, ಹಾಗಾಗಿ ಊಟ ನಿಧಾನ, ಹೊಟ್ಟೆ ಬೇಗ ತುಂಬುತ್ತದೆ. ಪಾಲಿಶ್ ಮಾಡದ್ದನ್ನು ಕೇಳಿ ತನ್ನಿ. ಬೇಯಿಸುವ ಮುಂಚೆ ಚೆನ್ನಾಗಿ ನೆನೆಸಬೇಕು, ಕೆಲಸದಿಂದ ತಡವಾಗಿ ಬಂದ ದಿನ ಇದು ಆಗದ ಮಾತು.

ಈಗ ವಾರದಲ್ಲಿ ಹೆಚ್ಚು ರಾತ್ರಿ ಓಟ್ಸ್, ಸೆಖೆ ಇದ್ದರೆ ಹುರಿಹಿಟ್ಟು, ಬಿಡುವಿದ್ದರೆ ನವಣೆ. ಡಬ್ಬಿ ಮತ್ತೆ ತಂದಿಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಅನ್ನ ಬಿಡಿ. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಇದ್ದರೆ ಶುಗರ್ ತೀರಾ ಕೆಳಗೆ ಹೋಗಬಹುದು.