ಥೇರವಾದ, ಮಹಾಯಾನ, ನವಯಾನ: ಕಲಬುರಗಿಯಲ್ಲಿದ್ದು ಯಾವುದನ್ನು ಹಿಡಿಯೋದು?

ಬೌದ್ಧ ಧರ್ಮದ ಈ ಮೂರು ಪಂಥಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಅಂತ ಹಲವರು ಕೇಳ್ತಾರೆ, ಮೊದಲು ಒಂದು ಮಾತು. ಇವು ಮೂರೂ ಒಂದಕ್ಕೊಂದು ವೈರಿಗಳಲ್ಲ. ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣಾಗೋದು), ಪಂಚಶೀಲ (ಐದು ನಡತೆಯ ನಿಯಮಗಳು) ಮೂರರಲ್ಲೂ ಇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನವಯಾನ ಕಟ್ಟಿದ ಬಾಬಾಸಾಹೇಬ ಅಂಬೇಡ್ಕರರಿಗೆ ದೀಕ್ಷೆ ಕೊಟ್ಟ ಭಿಕ್ಖು ಚಂದ್ರಮಣಿ ಬರ್ಮಾದ ಥೇರವಾದಿ.

ವ್ಯತ್ಯಾಸ ಜಾಸ್ತಿ ಕಾಣೋದು ನಂಬಿಕೆಯಲ್ಲಿ. ಥೇರವಾದ ಪಾಲಿ ಭಾಷೆಯ ಹಳೆಯ ಬೌದ್ಧ ಗ್ರಂಥಗಳಾದ ತಿಪಿಟಕಕ್ಕೆ ಅಂಟಿಕೊಂಡಿದೆ, ನಿಮ್ಮ ಬಿಡುಗಡೆಗೆ ನೀವೇ ದುಡಿಯಬೇಕು ಅನ್ನುತ್ತೆ. ಮಹಾಯಾನದಲ್ಲಿ ಬೋಧಿಸತ್ವನೇ ಆದರ್ಶ, ಅಂದ್ರೆ ಎಲ್ಲ ಜೀವಿಗಳ ಬಿಡುಗಡೆಗಾಗಿ ಬುದ್ಧನಾಗಲು ಹೊರಟವನು. ನವಯಾನದ ದಾರಿ ಬೇರೆ. ಇವತ್ತಿನ ಬಡತನಕ್ಕೆ, ಜಾತಿಯ ನೋವಿಗೆ ಹಿಂದಿನ ಜನ್ಮದ ಕರ್ಮ ಕಾರಣ ಅನ್ನೋ ಮಾತನ್ನು ಬಾಬಾಸಾಹೇಬರು ಒಪ್ಪಲೇ ಇಲ್ಲ, ಸಮಾಜವೇ ಬದಲಾಗಬೇಕು ಅಂದರು. ನನಗೆ ಇದು ತುಂಬ ದೊಡ್ಡ ಮಾತು.

ಖರ್ಚು? ಥೇರವಾದದ ಬರ್ಮಾ ಪರಂಪರೆಯಿಂದ ಬಂದ ಎಸ್. ಎನ್. ಗೋಯೆಂಕಾ ಅವರ ವಿಪಶ್ಯನ ಧ್ಯಾನ ಶಿಬಿರಕ್ಕೆ ಶುಲ್ಕವಿಲ್ಲ, ಮುಗಿದ ಮೇಲೆ ಮನಸ್ಸಿದ್ರೆ ದಾನ ಕೊಡಬಹುದು. ಆದ್ರೆ ಹತ್ತು ದಿನ ಮಾತಿಲ್ಲ, ಫೋನಿಲ್ಲ, ಬೆಳಿಗ್ಗೆ 4ಕ್ಕೆ ಏಳಬೇಕು. ರಜೆ ಸಿಗದವರಿಗೆ ಕಷ್ಟ.

ಓಡಾಟ ನೋಡಿದ್ರೆ, ಟಿಬೆಟ್ ಮಹಾಯಾನದ ದೊಡ್ಡ ಮಠಗಳು ಮುಂಡಗೋಡು, ಬೈಲಕುಪ್ಪೆಯಲ್ಲಿವೆ, ನಮಗೆ ದೂರ. ಅಲ್ಲಿ ಗುರುವಿನ ಮಾರ್ಗದರ್ಶನ ಮುಖ್ಯ, ಹಾಗಾಗಿ ಆಗಾಗ ಹೋಗಿಬರಲು ಆಗುವವರಿಗೆ, ಪೂಜೆ, ಮಂತ್ರ ಇಷ್ಟ ಇರೋರಿಗೆ ಹೊಂದುತ್ತೆ.

ಮನೆಮಂದಿ ಎಲ್ಲ ಸೇರಿ, ಜಾತಿ ಬಿಟ್ಟು ಬದುಕಬೇಕು ಅಂದ್ರೆ ನವಯಾನ ಹತ್ತಿರವಾಗುತ್ತೆ. ನಮ್ಮೂರಲ್ಲೇ ಬುದ್ಧ ವಿಹಾರ ಇದೆ, ವಂದನೆಯ ಸಾಲುಗಳು ಅದೇ ಪಾಲಿಯಲ್ಲಿ. ದೀಕ್ಷೆಗೆ ಮುಂಚೆ ಮಾತ್ರ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಮನೆಯವರ ಜೊತೆ ಕೂತು ಓದಿ. ದೇವರ ಪೂಜೆ, ಶ್ರಾದ್ಧ ಬಿಡುವ ಮಾತು ಅದರಲ್ಲಿದೆ. ಅದಕ್ಕೆ ಮನೆ ಇನ್ನೂ ಸಿದ್ಧವಿಲ್ಲ ಅಂದ್ರೆ ಧ್ಯಾನದಿಂದ ಶುರು ಮಾಡಿ.